ವ್ಯಾಂಡಲರ ನೌಕಾಬಲ: ಕುದುರೆ ಸವಾರರಿಗೆ ಕಡಲು ದಕ್ಕಿದ್ದು ಹೇಗೆ, ಕೈತಪ್ಪಿದ್ದು ಹೇಗೆ

ಪ್ರಶ್ನೆ: ವ್ಯಾಂಡಲರು ಮಧ್ಯ ಯೂರೋಪಿನ ಒಳನಾಡಿನಿಂದ ಬಂದವರು, ಕುದುರೆ ಮೇಲೆ ಕಾದಾಡುವವರು ಎಂದು ಓದಿದ್ದೇನೆ. ಅಂಥವರು ಉತ್ತರ ಆಫ್ರಿಕದ ಕಾರ್ತೇಜ್ ಹಿಡಿದ ಮರುವರ್ಷವೇ ಸಿಸಿಲಿಯ ಮೇಲೆ ಹಡಗು ಕಳಿಸಿದ್ದು ಹೇಗೆ? 468ರಲ್ಲಿ ಸಾವಿರಕ್ಕೂ ಹೆಚ್ಚು ರೋಮನ್ ಹಡಗುಗಳನ್ನು ಸೋಲಿಸಿದ ರಾಜ್ಯ 533ರಲ್ಲಿ ಕೆಲವೇ ತಿಂಗಳಲ್ಲಿ ಕುಸಿದದ್ದು ಯಾಕೆ?

ಉತ್ತರ: ಎರಡು ಪ್ರಶ್ನೆಗಳಿಗೂ ಬುಡ ಒಂದೇ. ವ್ಯಾಂಡಲರು ಕೊನೆಯವರೆಗೂ ಕುದುರೆ ಸವಾರರಾಗಿಯೇ ಉಳಿದರು. ಅವರಿಗೆ ಸಿಕ್ಕ ಬಂದರನ್ನು ಕಟ್ಟಿದವರು ಬೇರೆ, ಹಡಗುಗಳನ್ನು ನಡೆಸಿದ ನಾವಿಕರೂ ಬೇರೆ. ಅವುಗಳನ್ನು ಯಾವಾಗ, ಯಾರ ಮೇಲೆ, ಎಷ್ಟು ಬಳಸಬೇಕು ಎಂಬ ಲೆಕ್ಕ ಮಾತ್ರ ಗೈಸೆರಿಕ್ ಎಂಬ ಒಬ್ಬ ದೊರೆಯದು. ಅವನ ನಂತರ ಬಂದವರಿಗೆ ಬಂದರು ಸಿಕ್ಕಿತು, ಹಡಗು ಸಿಕ್ಕವು, ಆ ಲೆಕ್ಕ ಸಿಗಲಿಲ್ಲ.

ಹಿನ್ನೆಲೆಯನ್ನು ಬೇಗ ಮುಗಿಸೋಣ. 406ರ ಡಿಸೆಂಬರ್ 31ರಂದು ವ್ಯಾಂಡಲರು, ಅಲಾನರು, ಸುಯೆವಿಗಳು ರೈನ್ ನದಿ ದಾಟಿ ಗಾಲ್ ಪ್ರಾಂತಕ್ಕೆ (ಇಂದಿನ ಫ್ರಾನ್ಸ್ ಕಡೆ) ನುಗ್ಗಿದರು. 409ರಲ್ಲಿ ಪಿರನೀಸ್ ದಾಟಿ ಸ್ಪೇನಿಗೆ ಬಂದರು. ವ್ಯಾಂಡಲರಲ್ಲಿ ಹಾಸ್ಡಿಂಗ್, ಸಿಲಿಂಗ್ ಎಂಬ ಎರಡು ಕವಲು. ರೋಮನ್ನರ ಪರವಾಗಿ ಬಂದ ವಿಸಿಗಾಥರು 416ರಿಂದ 418ರ ನಡುವೆ ಸಿಲಿಂಗರನ್ನೂ ಅಲಾನರನ್ನೂ ಬಗ್ಗುಬಡಿದರು. ಅಳಿದುಳಿದವರು ಹಾಸ್ಡಿಂಗ್ ದೊರೆ ಗುಂಡೆರಿಕ್‌ನ ಆಶ್ರಯಕ್ಕೆ ಬಂದರು. ಮುಂದೆ ಆಫ್ರಿಕದಲ್ಲಿ ಆಳಿದ ದೊರೆಗಳ ಬಿರುದು ‘ವ್ಯಾಂಡಲರ ಮತ್ತು ಅಲಾನರ ರಾಜ’ ಎಂದಿದ್ದದ್ದು ಈ ಕಾರಣಕ್ಕೆ. ಒಂದೇ ರಕ್ತದ ಕುಲ ಎನ್ನುವುದಕ್ಕಿಂತ, ಸೋತು ಒಟ್ಟಾದ ಸೈನ್ಯ ಎಂದರೆ ನಿಜಕ್ಕೆ ಹತ್ತಿರ.

ಕಡಲಿನ ಕಥೆ ಶುರುವಾಗುವುದು ದಕ್ಷಿಣ ಸ್ಪೇನಿನ ತೀರದಲ್ಲಿ. 425ರಲ್ಲಿ ಅವರು ಬಾಲೆರಿಕ್ ದ್ವೀಪಗಳನ್ನು ಕೊಳ್ಳೆ ಹೊಡೆದರು, ಕಾರ್ತಹೇನಾ ಬಂದರನ್ನೂ ಸೆವಿಲ್ಲೆಯನ್ನೂ ದೋಚಿದರು, ಎದುರಿನ ಮಾರಿಟೇನಿಯ (ಇಂದಿನ ಮೊರಾಕ್ಕೊ ಕಡೆಯ) ತೀರಕ್ಕೂ ಹೋಗಿಬಂದರು ಎಂದು ಅದೇ ಕಾಲದ ಬಿಷಪ್ ಹೈಡೇಷಿಯಸ್ ಬರೆದಿಟ್ಟಿದ್ದಾನೆ. ದ್ವೀಪ ದೋಚಲು ಹಡಗು ಬೇಕೇ ಬೇಕು. ಆರೇಳು ವರ್ಷದ ಹಿಂದೆ ಕಡಲಿನ ಗಂಧವೇ ಇಲ್ಲದವರು ಹಡಗು ಕಟ್ಟಲು ಕಲಿತರೆಂದು ಭಾವಿಸುವ ಅಗತ್ಯವಿಲ್ಲ. ಆ ತೀರದಲ್ಲಿ ಹಡಗೂ ಇದ್ದವು, ಮೀನುಗಾರರೂ ವರ್ತಕರೂ ಇದ್ದರು. ಈ ಅಪಾಯ ಸಾಮ್ರಾಜ್ಯಕ್ಕೆ ಗೊತ್ತಿರಲಿಲ್ಲ ಎಂದೇನಲ್ಲ. 419ರ ಒಂದು ಶಾಸನ, ಅನಾಗರಿಕರಿಗೆ ಹಡಗು ಕಟ್ಟುವ ವಿದ್ಯೆ ಹೇಳಿಕೊಡುವವರಿಗೆ ಮರಣದಂಡನೆ ಎನ್ನುತ್ತದೆ. ಅದು ಹೊರಟದ್ದು ಕ್ರಿಮಿಯಾದ ಖೆರ್ಸೊನೆಸಸ್ ಪಟ್ಟಣದ ಒಂದು ಪ್ರಕರಣದಿಂದ. ಪಶ್ಚಿಮದಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿ ಬರಲಿಲ್ಲ, ಸಿದ್ಧ ಹಡಗುಗಳೇ ಸಿಕ್ಕವು.

428ರಲ್ಲಿ ಗುಂಡೆರಿಕ್ ಸತ್ತ, ಮಲತಮ್ಮ ಗೈಸೆರಿಕ್ ಪಟ್ಟಕ್ಕೆ ಬಂದ. ದಾಸಿಯ ಮಗ, ಕುದುರೆಯಿಂದ ಬಿದ್ದು ಕುಂಟುತ್ತಿದ್ದವನು, ಮಾತು ಕಡಿಮೆ. ಮರುವರ್ಷ ಮೇ ತಿಂಗಳಲ್ಲಿ ಇಡೀ ಜನವನ್ನು ಜಿಬ್ರಾಲ್ಟರ್ ಜಲಸಂಧಿ ದಾಟಿಸಿದ. ಜಲಸಂಧಿಯ ಕಿರಿದಾದ ಭಾಗದ ಅಗಲ ಸುಮಾರು 14 ಕಿಲೋಮೀಟರ್. ದಾಟಿದವರು 80,000 ಎಂದು ಆಫ್ರಿಕದ ಬಿಷಪ್ ವೀಟಾದ ವಿಕ್ಟರ್ ಹೇಳುತ್ತಾನೆ. ಆ ಎಣಿಕೆಯಲ್ಲಿ ಮುದುಕರು, ಮಕ್ಕಳು, ಗುಲಾಮರು ಎಲ್ಲರೂ ಇದ್ದಾರೆ, ಯೋಧರು ಅದರ ಒಂದು ಪಾಲು ಮಾತ್ರ. ಆರನೆಯ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್ ಈ ಸಂಖ್ಯೆಯೇ ಉಬ್ಬಿಸಿದ್ದು, ನಿಜದಲ್ಲಿ 50,000 ಎನ್ನುತ್ತಾನೆ. ಒಂದು ಹಡಗಿಗೆ 70 ಜನ ಎಂದು ಹಿಡಿದರೂ 80,000 ಜನಕ್ಕೆ 1,100ಕ್ಕೂ ಹೆಚ್ಚು ಬಾರಿ ದಾಟಬೇಕು. 50 ಹಡಗು ಸಿಕ್ಕರೆ ತಲಾ 23 ಸುತ್ತು. ಕುದುರೆ, ಗಾಡಿ, ದವಸ ಬೇರೆ. ಅಂದರೆ ಇದು ಒಂದು ರಾತ್ರಿಯ ಸಾಹಸವಲ್ಲ, ವಾರಗಟ್ಟಲೆ ನಡೆದ ಸಾಗಣೆ. ಇಷ್ಟು ದಿನ ಅವರನ್ನು ತಡೆಯಲು ಒಂದು ರೋಮನ್ ನೌಕೆಯೂ ಬರಲಿಲ್ಲ ಎಂಬುದೇ ಆ ಕಾಲದ ಪಶ್ಚಿಮ ಮೆಡಿಟರೇನಿಯನ್ ಸ್ಥಿತಿಗೆ ಸಾಕ್ಷಿ. 324ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಚಕ್ರವರ್ತಿಗಳ ನಡುವಿನ ಕಾಳಗದ ನಂತರ ಒಂದು ಶತಮಾನ ಇಡೀ ಮೆಡಿಟರೇನಿಯನ್ ಕಡಲಿನಲ್ಲಿ ದೊಡ್ಡ ನೌಕಾಯುದ್ಧವೇ ಆಗಿರಲಿಲ್ಲ. ಕಾವಲು ತನ್ನಷ್ಟಕ್ಕೆ ಸೊರಗಿತ್ತು.

ಆಫ್ರಿಕದ ರೋಮನ್ ಸೇನಾಪತಿ ಬೋನಿಫೇಸ್ ತಾನೇ ವ್ಯಾಂಡಲರನ್ನು ಕರೆಸಿಕೊಂಡ ಎಂಬ ಕಥೆ ಬಹಳ ಪ್ರಸಿದ್ಧ. ಅದನ್ನು ಹೇಳುವವರು ಒಂದು ಶತಮಾನ ತಡವಾಗಿ ಬರೆದವರು. ಬೋನಿಫೇಸ್‌ನನ್ನು ಹತ್ತಿರದಿಂದ ಬಲ್ಲ ಆಫ್ರಿಕದ ಬಿಷಪ್ ಆಗಸ್ಟೀನನ ಬಳಗದಲ್ಲಿ ಅಂಥ ಆರೋಪದ ಸುಳಿವಿಲ್ಲ. ಅದನ್ನು ನಂಬಬೇಕಾಗಿಲ್ಲ.

ಜಲಸಂಧಿಯಿಂದ ಸಾವಿರ ಕಿಲೋಮೀಟರ್‌ಗೂ ಹೆಚ್ಚು ಪೂರ್ವಕ್ಕೆ ನಡೆದು 430ರಲ್ಲಿ ಅವರು ಹಿಪ್ಪೊ ರೀಜಿಯಸ್ ಪಟ್ಟಣಕ್ಕೆ ಮುತ್ತಿಗೆ ಹಾಕಿದರು. ಇದು ಇಂದಿನ ಅಲ್ಜೀರಿಯದ ಅನ್ನಾಬಾ. ಮುತ್ತಿಗೆ 14 ತಿಂಗಳು ಎಳೆಯಿತು. ಅದರ ನಡುವೆಯೇ, ಆಗಸ್ಟ್ 28ರಂದು, ಅಲ್ಲಿನ ಬಿಷಪ್ ಆಗಸ್ಟೀನ್ ತೀರಿಕೊಂಡ. ಕೋಟೆ ಒಡೆಯುವ ಕಲೆಯೂ ವ್ಯಾಂಡಲರಿಗೆ ಇರಲಿಲ್ಲ, ಹಸಿವನ್ನೇ ನೆಚ್ಚಿಕೊಂಡಿದ್ದರು. 435ರ ಫೆಬ್ರವರಿ 11ರಂದು ಒಪ್ಪಂದವಾಯಿತು, ನ್ಯುಮಿಡಿಯದ ಕಡೆ ಅವರಿಗೆ ನೆಲೆ ಸಿಕ್ಕಿತು. ನಾಲ್ಕು ವರ್ಷದ ಮೇಲೆ, ಶಾಂತಿ ಇದೆ ಎಂದು ಎಲ್ಲರೂ ನಂಬಿ ಕೂತಿದ್ದಾಗ, 439ರ ಅಕ್ಟೋಬರ್ 19ರಂದು ಗೈಸೆರಿಕ್ ಹೆಚ್ಚಿನ ಪ್ರತಿರೋಧವಿಲ್ಲದೆ ಕಾರ್ತೇಜ್ ಒಳಹೊಕ್ಕ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ದಿನಾಂಕದಲ್ಲೇ ಇದೆ. ಆ ಕಾಲದ ರೂಢಿಯಂತೆ ಮೇ 27ರಿಂದ ಸೆಪ್ಟೆಂಬರ್ 14ರವರೆಗೆ ಕಡಲಯಾನ ನಿರಾತಂಕ, ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಕಡಲು ‘ಮುಚ್ಚಿರುತ್ತದೆ’. ಅಕ್ಟೋಬರ್ ನಡುವಿಗೆ ಹಡಗುಗಳು ಒಂದೊಂದಾಗಿ ಬಂದರಿಗೆ ಮರಳಿ ಲಂಗರು ಹಾಕುವ ಹೊತ್ತು. ರೋಮ್ ನಗರದ ಹೊಟ್ಟೆಗೆ ಗೋಧಿ, ಎಣ್ಣೆ ಒಯ್ಯುತ್ತಿದ್ದ ಸಾಗಣೆ ಹಡಗುಗಳ ಮನೆ ಕಾರ್ತೇಜ್. ಅಲ್ಲಿ ವರ್ತಕರಿಗೊಂದು, ಅದರ ಹಿಂದೆ ದುಂಡಗಿನ ಇನ್ನೊಂದು ಒಳಬಂದರು. ರೋಮನ್ನರಿಗೂ ಹಿಂದಿನ ಪ್ಯೂನಿಕ್ (ಮೂಲ ಕಾರ್ತೇಜಿಗರ) ಕಾಲದಲ್ಲಿ ಆ ದುಂಡು ಬಂದರಿನಲ್ಲಿ 220 ಯುದ್ಧನೌಕೆಗಳಿಗೆ ಜಾಗವಿತ್ತಂತೆ. ಬಂದರಿನ ಜೊತೆಗೆ ದುರಸ್ತಿಯ ಬಡಗಿಗಳು, ಹಾಯಿ ಹೊಲಿಯುವವರು, ಗಾಳಿ ಬಲ್ಲ ಚುಕ್ಕಾಣಿಗರು ಎಲ್ಲರೂ ಇದ್ದಲ್ಲೇ ಸಿಕ್ಕರು. ಅವರಿಗೆ ಯಜಮಾನ ಬದಲಾದನೇ ಹೊರತು ಕಸುಬು ಬದಲಾಗಲಿಲ್ಲ. 440ರ ಜೂನ್ 24ರಂದು ಚಕ್ರವರ್ತಿ ಮೂರನೆಯ ವ್ಯಾಲೆಂಟೀನಿಯನ್ ಹೊರಡಿಸಿದ ಆಜ್ಞೆಯಲ್ಲಿ, ಗೈಸೆರಿಕ್ ದೊಡ್ಡ ನೌಕಾಪಡೆಯೊಂದಿಗೆ ಕಾರ್ತೇಜ್ ಬಂದರಿನಿಂದ ಹೊರಟಿದ್ದಾನೆ, ಎಲ್ಲಿ ಇಳಿಯುತ್ತಾನೋ ತಿಳಿಯದು, ಆದ್ದರಿಂದ ಪ್ರಜೆಗಳು ಆಯುಧ ಹಿಡಿಯಬಹುದು ಎಂದಿದೆ. ಅವನು ಇಳಿದದ್ದು ಸಿಸಿಲಿಯಲ್ಲಿ.

ಈ ಪಡೆ ಕೆಲಸ ಮಾಡುತ್ತಿದ್ದ ರೀತಿ ಸರಳ. ವಸಂತದಲ್ಲಿ ಹೊರಡುವುದು, ಕಾವಲಿಲ್ಲದ ತೀರದಲ್ಲಿ ಇಳಿಯುವುದು, ಸುತ್ತಲ ಸೀಮೆ ದೋಚುವುದು, ಸೈನ್ಯ ಬರುವ ಮೊದಲು ಹಡಗೇರುವುದು. ಹಡಗು ಅವರಿಗೆ ಯುದ್ಧದ ಆಯುಧವಲ್ಲ, ಆಳು ಮತ್ತು ಕುದುರೆ ಸಾಗಿಸುವ ಲಾರಿ. ದೋಚುವ ಕೆಲಸಕ್ಕೆ ಉತ್ತರ ಆಫ್ರಿಕದ ಮೂಲನಿವಾಸಿ ಮೂರಿಷ್ ಬುಡಕಟ್ಟಿನವರನ್ನೂ ಕರೆದೊಯ್ಯುತ್ತಿದ್ದರು. ಯಾರ ಮೇಲೆ ದಾಳಿ ಎಂದು ಚುಕ್ಕಾಣಿಗ ಕೇಳಿದಾಗ, ‘ದೇವರ ಕೋಪಕ್ಕೆ ತುತ್ತಾದವರ ಮೇಲೆ’ ಎಂದು ಗೈಸೆರಿಕ್ ಹೇಳಿದನೆಂದು ಪ್ರೊಕೋಪಿಯಸ್ ದಾಖಲಿಸಿದ್ದಾನೆ. ಭಕ್ತಿಗಿಂತ ಇದರಲ್ಲಿ ತಂತ್ರವೇ ಹೆಚ್ಚು ಎಂದು ನನಗೆ ತೋರುತ್ತದೆ: ಗುರಿ ಗೊತ್ತಿಲ್ಲದ ದಾಳಿಗೆ ಇಡೀ ತೀರವೇ ಕಾವಲು ಕಾಯಬೇಕು, ಅದರ ಖರ್ಚು ದಾಳಿಯ ಖರ್ಚಿಗಿಂತ ಬಹಳ ಹೆಚ್ಚು. 455ರ ನಂತರ ಸಾರ್ಡಿನಿಯ, ಕಾರ್ಸಿಕ, ಬಾಲೆರಿಕ್ ದ್ವೀಪಗಳೂ ಕೈಗೆ ಬಂದವು. ಕಾರ್ಸಿಕದ ಕಾಡು ಹಡಗಿನ ಮರಕ್ಕೆ ಆಧಾರವಾಯಿತು. ಗೈಸೆರಿಕ್‌ನ ಮಗ ಹ್ಯೂನೆರಿಕ್ ತನ್ನ ಏರಿಯನ್ ಎಂಬ ಕ್ರೈಸ್ತ ಪಂಥಕ್ಕೆ ಬಗ್ಗದ 46 ಬಿಷಪ್‌ಗಳನ್ನು ಅರಸನ ಹಡಗುಗಳಿಗೆ ಮರ ಕಡಿಯಲೆಂದೇ ಅಲ್ಲಿಗೆ ಗಡೀಪಾರು ಮಾಡಿದ.

ರೋಮ್ ದೋಚಿದ ಪ್ರಸಂಗವೂ ಇದೇ ಲೆಕ್ಕದ್ದು. 442ರ ಒಪ್ಪಂದದಲ್ಲಿ ಚಕ್ರವರ್ತಿಯ ಮಗಳು ಯೂಡೋಸಿಯಳನ್ನು ಹ್ಯೂನೆರಿಕ್‌ಗೆ ಕೊಡುವ ಮಾತಾಗಿತ್ತು. 455ರ ಮಾರ್ಚ್‌ನಲ್ಲಿ ವ್ಯಾಲೆಂಟೀನಿಯನ್ ಕೊಲೆಯಾದ, ಹೊಸ ಚಕ್ರವರ್ತಿ ಆ ಸಂಬಂಧ ಮುರಿದ. ಜೂನ್ 2ರಂದು ಗೈಸೆರಿಕ್ ನಗರದೊಳಗಿದ್ದ. 14 ದಿನ ಲೂಟಿ ನಡೆಯಿತು. ಪೋಪ್ ಲಿಯೋ ಬೇಡಿಕೆಯಂತೆ ಬೆಂಕಿ, ಕೊಲೆ ಬಹುಮಟ್ಟಿಗೆ ತಪ್ಪಿತು. ಜುಪಿಟರ್ ದೇವತೆಯ ದೇಗುಲದ ಚಿನ್ನದ ಲೇಪದ ಕಂಚಿನ ಚಾವಣಿಯಲ್ಲಿ ಅರ್ಧ ಕಿತ್ತರು. ಸೆರೆಯಾಳುಗಳ ಜೊತೆ ರಾಣಿ ಯೂಡೋಕ್ಸಿಯಳನ್ನೂ ಅವಳ ಇಬ್ಬರು ಹೆಣ್ಣುಮಕ್ಕಳನ್ನೂ ಕಾರ್ತೇಜಿಗೆ ಒಯ್ದರು. ಪ್ರತಿಮೆಗಳನ್ನು ಹೇರಿದ್ದ ಒಂದು ಹಡಗು ಮಾತ್ರ ದಾರಿಯಲ್ಲಿ ಮುಳುಗಿತು.

ಈಗ ಒಂದು ವಿಷಯ ಗಮನಿಸಿ. ತೆರೆದ ಕಡಲಿನಲ್ಲಿ ಹೋರಾಡಬೇಕಾಗಿ ಬಂದಾಗ ವ್ಯಾಂಡಲರು ಸೋತಿದ್ದಾರೆ: 456ರಲ್ಲಿ ಅವರ 60 ಹಡಗುಗಳ ತಂಡವನ್ನು ಕಾರ್ಸಿಕದ ಬಳಿ ರೋಮನ್ ಸೇನಾಪತಿ ರಿಸಿಮರ್ ನಾಶ ಮಾಡಿದ. ಅವರು ಗೆದ್ದದ್ದೆಲ್ಲ ಲಂಗರು ಹಾಕಿ ನಿಂತ ಹಡಗುಗಳ ಮೇಲೆ. 460ರಲ್ಲಿ ಚಕ್ರವರ್ತಿ ಮಜೋರಿಯನ್ 300 ಹಡಗುಗಳನ್ನು ಸ್ಪೇನಿನ ಕಾರ್ತಹೇನಾ ಕಡೆಯ ತೀರದಲ್ಲಿ ಕೂಡಿಸುತ್ತಿದ್ದ. ಗೈಸೆರಿಕ್ ಮಾರಿಟೇನಿಯದ ಹೊಲಗಳನ್ನು ಹಾಳುಗೆಡವಿ, ಬಾವಿಗಳ ನೀರು ಕೆಡಿಸಿ, ಒಳಗಿನವರ ಸುಳಿವು ಹಿಡಿದು ಆ ಹಡಗುಗಳನ್ನು ಬಂದರಿನಲ್ಲೇ ಹಿಡಿದ. ಮಜೋರಿಯನ್ ಆಫ್ರಿಕದ ನೆಲ ಮೆಟ್ಟಲೇ ಇಲ್ಲ.

468ರದ್ದು ಇದಕ್ಕಿಂತ ಎಷ್ಟೋ ದೊಡ್ಡದು. ಪೂರ್ವ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಒಂದನೆಯ ಲಿಯೋ ಕಳಿಸಿದ ಪಡೆಯಲ್ಲಿ 1,113 ಹಡಗು ಎಂಬ ಸಂಖ್ಯೆ ಉಳಿದುಬಂದಿದೆ. ಖರ್ಚಿನ ಲೆಕ್ಕ ಒಬ್ಬೊಬ್ಬರದು ಒಂದೊಂದು. ಲೆಕ್ಕಪತ್ರಕ್ಕೆ ಹತ್ತಿರವಾದದ್ದು 64,000 ರೋಮನ್ ಪೌಂಡ್ ಚಿನ್ನ, 7,00,000 ಪೌಂಡ್ ಬೆಳ್ಳಿ. ಇಂದಿನ ತೂಕದಲ್ಲಿ ಸುಮಾರು 21 ಟನ್ ಚಿನ್ನ, 225 ಟನ್‌ಗೂ ಹೆಚ್ಚು ಬೆಳ್ಳಿ. ಯೋಜನೆ ಮೂರು ಕವಲಿನದು: ಮಾರ್ಸೆಲಿನಸ್ ಸಾರ್ಡಿನಿಯ ಹಿಡಿಯಬೇಕು, ಹೆರಾಕ್ಲಿಯಸ್ ಟ್ರಿಪೊಲಿ ಕಡೆಯಿಂದ ನೆಲದ ಮೇಲೆ ಬರಬೇಕು, ರಾಣಿಯ ಸೋದರ ಬೆಸಿಲಿಸ್ಕಸ್ ಮುಖ್ಯ ಪಡೆಯೊಡನೆ ನೇರ ಕಾರ್ತೇಜಿಗೆ. ಮೊದಲ ಎರಡೂ ಕೈಗೂಡಿದವು. ಬೆಸಿಲಿಸ್ಕಸ್ ಕಾರ್ತೇಜಿಗೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಬಾನ್ ಭೂಶಿರದ ಬಳಿ ಲಂಗರು ಹಾಕಿದ. ಗೈಸೆರಿಕ್ ಸಂಧಿಯ ನೆಪ ಹೇಳಿ ಐದು ದಿನ ಕೇಳಿದ, ಸಿಕ್ಕಿತು. ಲಂಚ ಕೊಟ್ಟನೆಂದೂ ಆಗಲೇ ಗುಸುಗುಸು ಇತ್ತು.

ಆ ಐದು ದಿನ ಅವನು ಕಾದದ್ದು ಗಾಳಿಗೆ. ಆಳಿಲ್ಲದ ಖಾಲಿ ಹಡಗುಗಳನ್ನು ಸಿದ್ಧಮಾಡಿಕೊಂಡ, ಯೋಧರಿದ್ದ ಹಡಗುಗಳು ಅವನ್ನು ಹಗ್ಗ ಕಟ್ಟಿ ಎಳೆದು ತಂದವು. ಗಾಳಿ ರೋಮನ್ನರ ಕಡೆಗೆ ತಿರುಗಿದೊಡನೆ ಬೆಂಕಿ ಹಚ್ಚಿ, ಹಾಯಿ ಬಿಚ್ಚಿ, ಹಗ್ಗ ಬಿಟ್ಟರು. ಇದು ಯಾಕೆ ಫಲಿಸಿತು ಎಂದರೆ, ಅಷ್ಟು ದೊಡ್ಡ ಪಡೆಯ ಹೆಚ್ಚಿನ ಹಡಗುಗಳು ಹುಟ್ಟು ಹಾಕುವವರ ಬಲವಿಲ್ಲದ, ಹಾಯಿಯನ್ನೇ ನಂಬಿದ ಸಾಗಣೆ ಹಡಗುಗಳು. ಗಾಳಿ ದಡದ ಕಡೆಗೆ ಬೀಸುತ್ತಿರುವಾಗ ಅವು ಲಂಗರು ಎತ್ತಿದರೆ ದಡಕ್ಕೇ ಬಡಿಯುತ್ತವೆ; ಒತ್ತೊತ್ತಾಗಿ ನಿಂತಿದ್ದರಿಂದ ಒಂದರ ಕಿಡಿ ಪಕ್ಕದ್ದಕ್ಕೆ. ನಾವಿಕರು ಗಳುಗಳಿಂದ ಉರಿವ ಹಡಗುಗಳನ್ನೂ ತಮ್ಮವನ್ನೂ ಒಂದೇ ಸಮನೆ ತಳ್ಳುತ್ತಿದ್ದರು. ಆ ಗೊಂದಲದೊಳಗೆ ವ್ಯಾಂಡಲ್ ಹಡಗುಗಳು ನುಗ್ಗಿದವು. ಪಡೆಯ ಅರ್ಧದಷ್ಟು ಹೋಯಿತು. ಮಾರ್ಸೆಲಿನಸ್ ಸಿಸಿಲಿಯಲ್ಲಿ ತನ್ನವರ ಕೈಯಲ್ಲೇ ಸತ್ತ. ಪೂರ್ವದ ಬೊಕ್ಕಸ ಬರಿದಾಯಿತು. 474ರಲ್ಲಿ ಹೊಸ ಚಕ್ರವರ್ತಿ ಝೀನೊ ಶಾಶ್ವತ ಶಾಂತಿಗೆ ಒಪ್ಪಿದ. 477ರ ಜನವರಿ 25ರಂದು ಗೈಸೆರಿಕ್ ತೀರಿಕೊಂಡ, 49 ವರ್ಷ ಆಳಿ.

ಇನ್ನು ಕುಸಿತ. ವ್ಯಾಂಡಲರು ಸೆಕೆ, ಸ್ನಾನಗೃಹ, ರೇಷ್ಮೆಗಳಿಂದ ಮೆತ್ತಗಾದರು ಎಂಬ ಹಳೆಯ ವಿವರಣೆ ಪ್ರೊಕೋಪಿಯಸ್‌ನದು. ಓದಲು ಸೊಗಸು; ಆದರೆ ಅವನೇ ಕೊಡುವ ವಿವರಗಳನ್ನು ಜೋಡಿಸಿದರೆ ಬೇರೆ ಕಾರಣಗಳು ಕಾಣುತ್ತವೆ, ಅವುಗಳಲ್ಲಿ ಕೆಲವನ್ನು ಗೈಸೆರಿಕ್‌ನೇ ಬಿತ್ತಿದ್ದ.

ಒಂದು, ಗೋಡೆ. ಊರುಗಳು ದಂಗೆ ಎದ್ದು ಬಾಗಿಲು ಹಾಕಿಕೊಳ್ಳದಿರಲಿ ಎಂದು ಅವನು ಕಾರ್ತೇಜ್ ಬಿಟ್ಟು ಉಳಿದ ಪಟ್ಟಣಗಳ ಕೋಟೆಗೋಡೆ ಕೆಡವಿಸಿದ. ಕಡಲು ತನ್ನ ಕೈಲಿದ್ದಷ್ಟು ಕಾಲ ಇದು ಜಾಣತನ. ಶತ್ರು ಒಮ್ಮೆ ಇಳಿದನೆಂದರೆ ಅವನನ್ನು ಒಂದು ವಾರ ತಡೆಯುವ ಊರೂ ಇಲ್ಲ. ಕಾರ್ತೇಜಿನ ಗೋಡೆಯೂ 533ರ ಹೊತ್ತಿಗೆ ಅಲ್ಲಲ್ಲಿ ಕುಸಿದಿತ್ತು.

ಇನ್ನೊಂದು, ಪಟ್ಟದ ನಿಯಮ. ವಂಶದ ಗಂಡಸರಲ್ಲಿ ಹಿರಿಯನಿಗೇ ಪಟ್ಟ ಎಂದು ಗೈಸೆರಿಕ್ ವಿಧಿಸಿದ. ಎಳೆಯ ಮಕ್ಕಳು ಪಟ್ಟವೇರುವುದು ತಪ್ಪಿತು ನಿಜ. ಆದರೆ ತನ್ನ ಮಗನಿಗೆ ದಾರಿ ಮಾಡಲೆಂದು ಹ್ಯೂನೆರಿಕ್ ದಾಯಾದಿಗಳನ್ನು ಕೊಲ್ಲಿಸಿದ, ಮತ್ತು 523ರಲ್ಲಿ ಪಟ್ಟಕ್ಕೆ ಬಂದ ಹಿಲ್ಡೆರಿಕ್ ಮುದುಕನಾಗಿದ್ದ. ಯುದ್ಧವೆಂದರೆ ಆಗದ ಈ ದೊರೆ ಯೂಡೋಸಿಯಳ ಮಗ, ಅಂದರೆ ವ್ಯಾಲೆಂಟೀನಿಯನ್‌ನ ಮೊಮ್ಮಗ, ಮುಂದೆ ಪೂರ್ವದ ಚಕ್ರವರ್ತಿಯಾದ ಜಸ್ಟಿನಿಯನ್‌ನ ಗೆಳೆಯ. 530ರಲ್ಲಿ ದಾಯಾದಿ ಗೆಲಿಮರ್ ಅವನನ್ನು ಸೆರೆಗೆ ಹಾಕಿ ಸಿಂಹಾಸನ ಏರಿದಾಗ ಕಾನ್‌ಸ್ಟಾಂಟಿನೋಪಲ್‌ಗೆ ಯುದ್ಧದ ನೆಪ ತಾನಾಗಿ ದೊರೆಯಿತು.

ನೆಲದ ಮೇಲಿನ ಯುದ್ಧವೂ ಕೈಕೊಡುತ್ತಿತ್ತು. ಅವರ ಸೈನ್ಯವೆಂದರೆ ಭರ್ಚಿ, ಕತ್ತಿ ಹಿಡಿದ ಸವಾರರು. ಬಿಲ್ಲು ಇಲ್ಲ, ಕಾಲಾಳು ಇಲ್ಲ. ಟ್ರಿಪೊಲಿ ಕಡೆಯ ಮೂರಿಷ್ ನಾಯಕ ಕಬಾವೊನ್ ಒಂಟೆಗಳನ್ನು ಹನ್ನೆರಡು ಸಾಲು ದಪ್ಪಕ್ಕೆ ವರ್ತುಲವಾಗಿ ನಿಲ್ಲಿಸಿ, ಗುರಾಣಿ ಹಿಡಿದ ಆಳುಗಳನ್ನು ಅವುಗಳ ಕಾಲ ನಡುವೆ ಕೂರಿಸಿದ. ಒಂಟೆ ಕಂಡು ಕುದುರೆ ಬೆದರಿತು, ಸವಾರನಿಗೆ ದೂರದಿಂದ ಎಸೆಯಲು ಏನೂ ಇರಲಿಲ್ಲ, ಆ ಸೈನ್ಯ ಬಹುಪಾಲು ಅಲ್ಲೇ ನಾಶವಾಯಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ಸಿಸಿಲಿಯದು. ಹಿಲ್ಡೆರಿಕ್‌ಗೂ ಮುಂಚಿನ ದೊರೆ ಥ್ರಾಸಮುಂಡ್ 500ರಲ್ಲಿ ಇಟಲಿಯ ಆಸ್ಟ್ರೋಗಾಥ್ ದೊರೆ ಥಿಯೋಡೆರಿಕ್‌ನ ತಂಗಿ ಅಮಲಾಫ್ರಿಡಾಳನ್ನು ಮದುವೆಯಾಗಿದ್ದ; ಬಳುವಳಿಯಾಗಿ ಪಶ್ಚಿಮ ಸಿಸಿಲಿಯ ಲಿಲಿಬೇಯಂ ಬಂದಿತ್ತು. ಹಿಲ್ಡೆರಿಕ್ ಕಾಲದಲ್ಲಿ ಆಕೆಯನ್ನು ಸೆರೆಗೆ ಹಾಕಿ, ಜೊತೆಗೆ ಬಂದಿದ್ದ ಗಾಥರನ್ನು ಕೊಂದರು. ಆಕೆಯೂ ಸೆರೆಯಲ್ಲೇ ಸತ್ತಳು. ಥಿಯೋಡೆರಿಕ್ ಸಿಟ್ಟಿನಲ್ಲಿ 1,000 ಯುದ್ಧನೌಕೆ ಕಟ್ಟಲು ಆಜ್ಞೆ ಹೊರಡಿಸಿ 526ರಲ್ಲಿ ಸತ್ತ. ಆ ಹಡಗುಗಳು ಬರಲಿಲ್ಲ, ಹಗೆ ಉಳಿಯಿತು. 533ರಲ್ಲಿ ಅವನ ಮಗಳು ಅಮಲಸುಂಥಾ ಜಸ್ಟಿನಿಯನ್ ಕಳಿಸಿದ ಸೇನಾಪತಿ ಬೆಲಿಸೇರಿಯಸ್‌ಗೆ ಸಿಸಿಲಿಯ ಬಂದರುಗಳನ್ನೂ ಸಂತೆಗಳನ್ನೂ ತೆರೆದಳು.

ಇದಿಲ್ಲದಿದ್ದರೆ ಆ ದಂಡಯಾತ್ರೆ ಉಳಿಯುತ್ತಿತ್ತೇ ಎಂಬುದೇ ಅನುಮಾನ. ಬೆಲಿಸೇರಿಯಸ್ ಬಳಿ 10,000 ಕಾಲಾಳು, 5,000 ಸವಾರರು, 500 ಸಾಗಣೆ ಹಡಗು, 92 ಡ್ರೋಮನ್ ಯುದ್ಧನೌಕೆ. 468ರ ಪಡೆಯ ಹಡಗಿನ ಎಣಿಕೆಯಲ್ಲಿ ಅರ್ಧ. ಕಷ್ಟ ದಾರಿಯಲ್ಲೇ ಶುರುವಾಯಿತು. ಎರಡು ಬಾರಿ ಒಲೆಯಲ್ಲಿ ಸುಟ್ಟು ಒಣಗಿಸಬೇಕಾದ ರೊಟ್ಟಿಯನ್ನು, ಸೌದೆ ಮತ್ತು ಕೂಲಿ ಉಳಿಸಲೆಂದು, ಸ್ನಾನಗೃಹದ ಬೆಂಕಿಯಲ್ಲಿ ಅರೆಬರೆ ಬೇಯಿಸಿ ಚೀಲಕ್ಕೆ ತುಂಬಿದ್ದರು. ಗ್ರೀಸಿನ ಮೆಥೋನಿ ತಲುಪುವಷ್ಟರಲ್ಲಿ ಅದು ಬೂಷ್ಟು ಹಿಡಿದು ಪುಡಿಯಾಗಿತ್ತು. ತಿಂದವರಲ್ಲಿ 500 ಜನ ಸತ್ತರು. ಮುಂದೆ ಝಾಕಿಂತೋಸ್ ದ್ವೀಪದಿಂದ ಸಿಸಿಲಿಗೆ 16 ದಿನ, ಗಾಳಿ ಮಂದ, ಕುಡಿಯುವ ನೀರು ಕೆಟ್ಟಿತು. ಸೇನಾಪತಿಯ ಹೆಂಡತಿ ಆಂಟೊನೀನಾ ಗಾಜಿನ ಪಾತ್ರೆಗಳಲ್ಲಿ ನೀರು ತುಂಬಿ, ಬಿಸಿಲು ತಾಗದ ಕಡೆ ಮರಳಿನಲ್ಲಿ ಹೂತಿಟ್ಟಿದ್ದರಿಂದ ಅದೊಂದು ಮಾತ್ರ ಕೆಡಲಿಲ್ಲ. ಸಿಸಿಲಿಯಲ್ಲಿ ಆಹಾರ ಸಿಕ್ಕಿತು, ಸುದ್ದಿಯೂ ಸಿಕ್ಕಿತು. ಮೂರು ದಿನದ ಹಿಂದೆ ಕಾರ್ತೇಜಿನಿಂದ ಬಂದಿದ್ದ ಒಬ್ಬ ಆಳು ಹೇಳಿದ: ಗೆಲಿಮರ್‌ಗೆ ಈ ಪಡೆಯ ಸುಳಿವೇ ಇಲ್ಲ, ಅವನ 120 ಹಡಗುಗಳು ಅವನ ತಮ್ಮ ಟ್ಜಾಜೊನ್‌ನ ಕೈಕೆಳಗೆ 5,000 ಜನರೊಂದಿಗೆ ಸಾರ್ಡಿನಿಯದ ದಂಗೆ ಅಡಗಿಸಲು ಹೋಗಿವೆ.

ಕಾವಲಿಲ್ಲದ ತೀರದಲ್ಲಿ ಹಠಾತ್ತಾಗಿ ಇಳಿಯುವ ಗೈಸೆರಿಕ್‌ನ ವಿದ್ಯೆ ಅವನ ವಂಶದ ಮೇಲೆಯೇ ಪ್ರಯೋಗವಾಯಿತು. ಬೆಲಿಸೇರಿಯಸ್ ಇಂದಿನ ಟ್ಯುನೀಷಿಯದ ಕಾಬೂದಿಯ ಭೂಶಿರದಲ್ಲಿ ಇಳಿದ. ಕಾರ್ತೇಜ್ ಅಲ್ಲಿಂದ ಐದು ದಿನದ ನಡಿಗೆ. ಹಣ್ಣು ಕದ್ದ ಸೈನಿಕರಿಗೆ ಚಾಟಿಯೇಟು ಕೊಡಿಸಿದ, ಹೀಗಾಗಿ ಊರವರು ದವಸ ಮಾರಿದರು. ಸೈನ್ಯ ನೆಲದ ಮೇಲೆ, ಹಡಗುಗಳು ತೀರದುದ್ದಕ್ಕೂ ಜೊತೆಜೊತೆಗೆ, ದಿನಕ್ಕೆ ಸುಮಾರು 15 ಕಿಲೋಮೀಟರ್.

ಸೆಪ್ಟೆಂಬರ್ 13ರಂದು ಅಡ್ ಡೆಸಿಮಮ್ ಎಂಬಲ್ಲಿ, ಕಾರ್ತೇಜಿಗೆ ಹತ್ತನೆಯ ಮೈಲಿಗಲ್ಲಿನ ಬಳಿ, ಗೆಲಿಮರ್ ಮೂರು ಕಡೆಯಿಂದ ಒಂದೇ ಹೊತ್ತಿಗೆ ಬೀಳಲು ಯೋಜಿಸಿದ. ಅವನ ಇನ್ನೊಬ್ಬ ತಮ್ಮ ಅಮ್ಮಾಟಸ್ ಹೊತ್ತಿಗೆ ಮೊದಲೇ, ಬೆರಳೆಣಿಕೆಯ ಜನರೊಂದಿಗೆ ಬಂದು ಸತ್ತ. 2,000 ಜನರ ಇನ್ನೊಂದು ತಂಡವನ್ನು ಬೆಲಿಸೇರಿಯಸ್ ಕಡೆಯ ಹೂಣ ಸವಾರರು ಕಡಿದುಹಾಕಿದರು. ಆದರೂ ಗೆಲಿಮರ್‌ನ ಮುಖ್ಯ ದಳ ರೋಮನ್ ಮುಂಚೂಣಿಯನ್ನು ಓಡಿಸಿತ್ತು. ಅಟ್ಟಿಸಿಕೊಂಡು ಹೋಗಿದ್ದರೆ ಗೆಲುವು ಅವನದೇ ಆಗಬಹುದಿತ್ತು ಎಂದು, ರೋಮನ್ ಸೈನ್ಯದ ಜೊತೆಗಿದ್ದ ಪ್ರೊಕೋಪಿಯಸ್‌ನೇ ಒಪ್ಪುತ್ತಾನೆ. ಗೆಲಿಮರ್ ತಮ್ಮನ ಹೆಣ ಕಂಡು ಅಲ್ಲೇ ನಿಂತ, ಸಂಸ್ಕಾರಕ್ಕೆ ತೊಡಗಿದ. ಎರಡು ದಿನದ ನಂತರ ಬೆಲಿಸೇರಿಯಸ್ ಕಾರ್ತೇಜ್ ಅರಮನೆಯಲ್ಲಿ ಗೆಲಿಮರ್‌ಗೆಂದು ಮಾಡಿಟ್ಟ ಅಡುಗೆ ಉಂಡ. ಟ್ಜಾಜೊನ್ ಸಾರ್ಡಿನಿಯ ಗೆದ್ದು ಮರಳಿದನಾದರೂ ಅವನ ಹಡಗುಗಳು ಆಳು ಇಳಿಸಿದವೇ ಹೊರತು ಬೆಲಿಸೇರಿಯಸ್‌ನ ಕಡಲ ಹಾದಿ ಕಡಿಯಲು ಹೋಗಲಿಲ್ಲ. ಡಿಸೆಂಬರ್‌ನಲ್ಲಿ ಟ್ರಿಕಮಾರಮ್‌ನ ಕಾಳಗದಲ್ಲಿ ಟ್ಜಾಜೊನ್ ಕೂಡ ಸತ್ತ. ದೊರೆಯ ಭಂಡಾರ ಹೇರಿಕೊಂಡು ಸ್ಪೇನಿಗೆ ಹೊರಡಬೇಕಿದ್ದ ಹಡಗನ್ನು ಎದುರುಗಾಳಿ ಹಿಪ್ಪೊ ಬಂದರಿಗೇ ಮರಳಿಸಿತು. ಬೆಟ್ಟ ಸೇರಿದ್ದ ಗೆಲಿಮರ್ 534ರ ವಸಂತದಲ್ಲಿ ಶರಣಾದ. ಅವನಿಗೆ ಏಷ್ಯಾ ಮೈನರ್‌ನ ಗಲೇಷಿಯದಲ್ಲಿ ಜಮೀನು ಕೊಟ್ಟರು.

ಉಳಿದ ಯೋಧರನ್ನು ಐದು ಸವಾರ ದಳಗಳಾಗಿ ಮಾಡಿ ಪೂರ್ವದ ಗಡಿಗೆ ಕಳಿಸಿದರು. ಅವರಲ್ಲಿ 400 ಜನ ಲೆಸ್ಬೊಸ್ ದ್ವೀಪದ ಬಳಿ ನಾವಿಕರನ್ನು ಹೆದರಿಸಿ ಹಡಗು ತಿರುಗಿಸಿಕೊಂಡು ಆಫ್ರಿಕಕ್ಕೆ ಮರಳಿದರು. ಅಲ್ಲಿ ವ್ಯಾಂಡಲ್ ಹೆಂಗಸರನ್ನು ಮದುವೆಯಾಗಿದ್ದ ರೋಮನ್ ಸೈನಿಕರು, ಹೆಂಡತಿಯರ ಹಳೆಯ ಜಮೀನು ತಮಗೇ ಬೇಕೆಂದು 536ರಲ್ಲಿ ದಂಗೆ ಎದ್ದಾಗ ಇವರೂ ಸೇರಿಕೊಂಡರು. ದಂಗೆ ಅಡಗಿದ ಮೇಲೆ ರಾಜ್ಯಪಾಲ ಸೊಲೊಮನ್ ಉಳಿದ ವ್ಯಾಂಡಲರನ್ನು, ಮುಖ್ಯವಾಗಿ ಹೆಂಗಸರನ್ನು, ಆಫ್ರಿಕದಿಂದ ಹೊರಗೆ ಸಾಗಿಸಿದ.